ಬಕೆಟ್ಟಿಗೂ ನೆರಿಗೆ

"ಇನ್ನೊಂದು ಮೊಳ ಬಟ್ಟೆ ಕೊಡು," ಎಂದರು ಮಾಸ್ಟರು ಏಣಿಯ ಮೇಲಿನಿಂದ. ಬಾಯಲ್ಲಿ ಆರು ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಮಾತು ಹಲ್ಲುಗಳ ಸಂದಿಯಿಂದ ಸೋರಿ ಬಂತು.

"ಗೋಡೆ ಮುಗೀತು ಕಣ್ರೀ," ಎಂದಳು ಹೆಂಡತಿ, ಏಣಿಯ ಕಾಲು ಹಿಡಿದುಕೊಂಡೇ. "ಇನ್ನು ಮೇಲೆ ಸೂರು. ಸೂರಿನ ಮೇಲೆ ದೊಡ್ಡ ಟೀಚರ ಮನೆ."

"ಕಂಬಳಿಯ ಗೆರೆ ಇನ್ನೂ ಮುಗಿದಿಲ್ಲ."

"ಹಾಗಾದ್ರೆ ಕಂಬಳೀನ ಸೂರಿಗೇ ಬಗ್ಗಿಸಿ."

ಮಾಸ್ಟರು ಕಂಬಳಿಯನ್ನು ಸೂರಿಗೆ ಬಗ್ಗಿಸಿದರು. ಕೆಳಗಿಳಿದು, ಹೊಸ ಪರದೆ ತೂಗಿಬಿಟ್ಟಾಗ ನಿಲ್ಲುವ ಹಾಗೆ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಓರೆ ಮಾಡಿ ನೋಡಿದರು. ಗೋಡೆ ನೋಡಿ ಹೆದರಿದರು. ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದು ಎಣಿಸಿದರು. ಐದಿದ್ದವು. ಆರನೆಯದು ಏಣಿಯ ಬುಡದಲ್ಲಿ ಸಿಗುವವರೆಗೆ ಅವರಿಗೆ ಗೋಡೆಯ ಭಯ ಮರೆತೇ ಹೋಗಿತ್ತು. ಸಿಕ್ಕಿದ ಮೇಲೆ ಅದು ಮತ್ತೆ ವಾಪಸು ಬಂದು ಮೊದಲಿಗಿಂತ ಗಟ್ಟಿಯಾಗಿ ಕೂತಿತು.

ಪರದೆ ಅಂಗಡಿಯ ಹಿಂಗೋಡೆಗೆ ಉದ್ದಕ್ಕೂ ಕೋರಾ ಬಟ್ಟೆ ಹೊಡೆದಿತ್ತು. ಅದರ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸೇನಾ ಖರೀದಿ ಕಚೇರಿಯ ಒಂದು ವರ್ಷದ ಖರೀದಿ. ಒಂದೊಂದು ವಸ್ತುವಿಗೆ ಒಂದೊಂದು ಗೆರೆ, ಹತ್ತಕ್ಕೆ ಒಂದು ಅಂಗುಲದ ಲೆಕ್ಕ. ಮೊದಲ ಹನ್ನೊಂದು ತಿಂಗಳ ಗೆರೆಗಳು ಹುಲ್ಲಿನ ಹಾಗೆ ಸಾಧುವಾಗಿ ಮೊಣಕಾಲಿನ ಮಟ್ಟದಲ್ಲೇ ನಿಂತಿದ್ದವು. ನಡೆಯುತ್ತಿದ್ದ ಹನ್ನೆರಡನೆಯ ತಿಂಗಳಿನವು ಮಾತ್ರ ಯಾರೋ ಹಿಂದಿನಿಂದ ತಿವಿದಂತೆ ಎದ್ದು, ಗೋಡೆ ದಾಟಿ, ಸೂರು ಹಿಡಿದಿದ್ದವು.

"ಓದು," ಎಂದರು ಮಾಸ್ಟರು.

"ಕಪ್ಪು ದಪ್ಪ ಬಟ್ಟೆ," ಓದಿದಳು ಹೆಂಡತಿ. "ಕಂಬಳಿ. ಬಕೆಟ್ಟು. ಟಾರ್ಚು. ಸ್ಟ್ರೆಚರು. ಸೀಟಿ."

"ಸೀಟಿ ಯಾಕೆ?"

"ಊದೋಕೆ."

"ಯಾವಾಗ ಊದ್ತಾರೆ?"

ಸೀಟಿ ಯಾವಾಗ ಊದುತ್ತಾರೆ, ಕಿಟಕಿಗೆ ಕಪ್ಪು ಬಟ್ಟೆ ಯಾವಾಗ ಕಟ್ಟುತ್ತಾರೆ, ಬಕೆಟ್ಟಿನಲ್ಲಿ ಮರಳು ಯಾವಾಗ ತುಂಬಿಡುತ್ತಾರೆ ಎಂಬುದನ್ನೆಲ್ಲ ಹೆಂಡತಿ ಒಂದೇ ಸಾಲಿನಲ್ಲಿಟ್ಟು ಯೋಚಿಸಿದಳು. ಏಣಿಯನ್ನು ಬಿಟ್ಟಳು.

"ಯಾರಿಗೂ ಹೇಳ್ಬೇಡ," ಎಂದರು ಮಾಸ್ಟರು.

"ನಾನ್ಯಾಕೆ ಹೇಳ್ಲಿ," ಎಂದಳು ಹೆಂಡತಿ. ಆಗಲೇ ಮಹಡಿಯ ಮೆಟ್ಟಿಲಿನ ಮೇಲೆ ಇದ್ದಳು.

ಒಬ್ಬ ಪರದೆ ಹೊಲಿಯುವವನಿಗೆ ಸೇನೆಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಕಾರಣ ಭಾವ. ಹೆಂಡತಿಯ ಅಣ್ಣನಾದ ಈ ಭಾವನಿಗೆ ಬೀದಿಯ ತುದಿಯಲ್ಲಿ ದೊಡ್ಡ ಚಪ್ಪಲಿ ಅಂಗಡಿಯಿತ್ತು. ಜನ ಸಿದ್ಧ ಪರದೆಗಳನ್ನು ಕೊಳ್ಳಲು ಶುರುಮಾಡಿದ ಮೇಲೆ ಮಾಸ್ಟರ ಅಂಗಡಿಗೆ ನೊಣವೂ ಬರುವುದು ಕಡಿಮೆಯಾಗಿತ್ತು. "ಈ ವರ್ಷ ಮುಗಿಯೋದರೊಳಗೆ ಒಂದು ದೊಡ್ಡ ಆರ್ಡರು ಹಿಡೀರಿ, ಇಲ್ಲ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬನ್ನಿ. ಗಿರಾಕಿಗಳ ಕಾಲಿಗೆ ಚಪ್ಪಲಿ ಹಾಕಿ ತೋರಿಸೋಕೆ ಒಬ್ರು ನಂಬಿಕಸ್ಥರು ಬೇಕು," ಎಂದು ಭಾವ ಹೇಳಿ ಹೋಗಿದ್ದರು. ಅದನ್ನು ಅವರು ಪ್ರೀತಿಯಿಂದಲೇ ಹೇಳಿದ್ದರು. ಮಾಸ್ಟರಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ಇಪ್ಪತ್ತಾರು ವರ್ಷ ಕಿಟಕಿಗಳ ನೆತ್ತಿಯನ್ನು ನೋಡಿಕೊಂಡು ಬಂದ ಮನುಷ್ಯ ಇನ್ನುಳಿದ ಆಯುಷ್ಯವನ್ನು ಜನರ ಹಿಮ್ಮಡಿ ನೋಡಿಕೊಂಡು ಕಳೆಯಬೇಕೆ?

ಹಾಗಾಗಿ ಮಾಸ್ಟರು ಸೇನಾ ಖರೀದಿ ಕಚೇರಿಯ ಕಿಟಕಿಯೊಂದರ ಮುಂದೆ ಹೋಗಿ ನಿಂತಿದ್ದರು. ಒಳಗಿದ್ದ ಗುಮಾಸ್ತೆ ತಲೆಯೆತ್ತದೆ ಹೇಳಿದ್ದಳು: "ಅರ್ಜಿ ಆಮೇಲೆ. ಮೊದಲು ನಮ್ಮ ಖರೀದಿ ಪಟ್ಟಿ ಓದಿ. ಏನು ತಗೋತೀವಿ, ಯಾವಾಗ ತಗೋತೀವಿ, ಯಾರ ಹತ್ರ ತಗೋತೀವಿ, ಎಲ್ಲ ಇದೆ. ಮೂರು ವರ್ಷದ್ದು ಓದಿ. ಅನುಮಾನ ಇದ್ರೆ ಬರೆದು ಕಳಿಸಿ." ಪಟ್ಟಿ ಗುಟ್ಟಿನದಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾಗಿತ್ತು. ಆದರೆ ಒಂದು ವರ್ಷದ್ದೇ ಇನ್ನೂರ ಹನ್ನೆರಡು ಪುಟ. ಮಾಸ್ಟರು ಕಾಗದ ಉಳಿಸಲು ಹೋಗಿ ಈ ವರ್ಷದ್ದೊಂದನ್ನೇ ಮುದ್ರಿಸಿಕೊಂಡರು. ಅದರಲ್ಲಿ ಅಲ್ಲಲ್ಲಿ ಕಪ್ಪು ಪರದೆಯ ಹೆಸರು ಕಂಡದ್ದೇ ತಡ, ದೂರದ ಮಿಲ್ಲಿನಿಂದ ಹದಿನಾರು ಸುರುಳಿ ಕಪ್ಪು ದಪ್ಪ ಬಟ್ಟೆ ತರಿಸಿ ಅಟ್ಟದ ಮೇಲೆ ಜೋಡಿಸಿದರು. ಆಮೇಲೆ ಈ ನಕ್ಷೆಗೆ ಕೈಹಾಕಿದರು.

ಮಾಸ್ಟರಿಗೆ ಬೀದಿಯವರು ಇಟ್ಟಿದ್ದ ಹೆಸರು ನೆರಿಗೆ ಮಾಸ್ಟರು. ಪರದೆಗೆ ನೆರಿಗೆ ಬೀಳಬೇಕಾದರೆ ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ಬೇಕು. ಈ ನಿಯಮ ಅವರ ರಕ್ತಕ್ಕೇ ಇಳಿದಿತ್ತು. ಅರ್ಧ ಸೇರು ಅಕ್ಕಿ ತರಲು ಹೋಗಿ ಒಂದು ಸೇರು ತರುತ್ತಿದ್ದರು. ಮಗಳ ಮದುವೆ ಮಾಡಲು ಹೊರಟ ಟೈಲರೊಬ್ಬ "ನೂರು ಜನ ಬರ್ತಾರೆ" ಎಂದಾಗ ಇನ್ನೂರು ಕುರ್ಚಿ ಹೇಳಿ ಬಂದಿದ್ದರು. ಬೀದಿ ನಕ್ಕು ಸುಮ್ಮನಾಗಿತ್ತು. ಆ ಅಭ್ಯಾಸದಿಂದ ದೇಶಕ್ಕೆ ಅಪಾಯವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಅರ್ಧ ಗಂಟೆಯೊಳಗೆ ದೊಡ್ಡ ಟೀಚರು ಕೆಳಗಿಳಿದು ಬಂದರು. ಮೂವತ್ತೆರಡು ವರ್ಷ ಶಾಲೆ ನಡೆಸಿ ನಿವೃತ್ತರಾದ ಹೆಂಗಸು. ನಕ್ಷೆಯ ಮುಂದೆ ನಿಂತು, ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವ ಹಾಗೆ ಒಂದು ತುದಿಯಿಂದ ನೋಡಿಕೊಂಡು ಬಂದರು. ಸೂರಿನ ಹತ್ತಿರ ಬಂದಾಗ ಕುತ್ತಿಗೆ ನೋವಾಗಿ ನಿಲ್ಲಿಸಿದರು.

"ಯಾವತ್ತು?" ಎಂದರು.

"ಏನು ಟೀಚರ್?"

"ಯುದ್ಧ ಯಾವತ್ತು ಅಂತ ಕೇಳ್ದೆ. ಇಷ್ಟೆಲ್ಲ ಬರ್ದವ್ರು ತಾರೀಖು ಬರ್ಯೋದು ಮರೆತ್ರಾ?"

"ನಂಗೇನು ಗೊತ್ತು ಟೀಚರ್! ನಾನು ಪರದೆಯವನು."

"ನನ್ನ ಮುಂದೆ ಹೀಗೆ ಗೊತ್ತಿಲ್ಲ ಗೊತ್ತಿಲ್ಲ ಅಂದವ್ರು ಸಾವಿರ ಜನ. ಎಲ್ರಿಗೂ ಗೊತ್ತಿರ್ತಿತ್ತು." ಟೀಚರು ಅಟ್ಟದ ಕಡೆ ನೋಡಿದರು. "ಆ ಕಪ್ಪು ಬಟ್ಟೆ ಯಾರಿಗೆ?"

"ಸೇನೆಗೆ ಕೊಡೋಣ ಅಂತ..."

"ಸೇನೆಗೆ ಸೇನೆ ಇದೆ. ನಮಗ್ಯಾರಿದಾರೆ? ನನ್ನ ಮನೇಲಿ ಹನ್ನೆರಡು ಕಿಟಕಿ. ನಾಳೆ ಬೆಳಿಗ್ಗೆಯೊಳಗೆ."

ಕೊಡುವುದಿಲ್ಲ ಎಂದರೆ ಏಕೆ ಕೊಡುವುದಿಲ್ಲ ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆ ಬೀದಿಯೆಲ್ಲ ಹಬ್ಬುತ್ತದೆ ಎಂದು ಮಾಸ್ಟರು ಹೆದರಿದರು. ಆದ್ದರಿಂದ ಕೊಟ್ಟರು. ಕೊಟ್ಟದ್ದರಿಂದ ಬೀದಿಯೆಲ್ಲ ಹಬ್ಬಿತು. ಮರುದಿನ ಎದುರುಮನೆಯ ಹಲ್ಲಿನ ಡಾಕ್ಟರು ಬಂದು, ಬಾಯಿ ತೆರೆದು ಕೂತ ರೋಗಿಯನ್ನು ಹಾಗೇ ಬಿಟ್ಟು ಬಂದಿರುವುದಾಗಿ ಹೇಳಿ, ಒಂಬತ್ತು ಕಿಟಕಿಯ ಅಳತೆ ಕೊಟ್ಟರು. ಎಲೆಕ್ಟ್ರಿಷಿಯನ್ ಬಂದು ತನ್ನ ಮನೆಗಿರುವುದು ಒಂದೇ ಕಿಟಕಿ, ಆದರೂ ನಾಲ್ಕು ಇರಲಿ ಎಂದ. ಮಾಸ್ಟರ ಹೊಲಿಗೆ ಯಂತ್ರ ಅಷ್ಟು ಓಡಿದ್ದು ಆ ವರ್ಷದಲ್ಲಿ ಅದೇ ಮೊದಲು. ಹೊಲಿಯುತ್ತಿದ್ದ ಪ್ರತಿ ಅಂಗುಲಕ್ಕೂ ಅವರ ಬೆನ್ನು ತಣ್ಣಗಾಗುತ್ತಿತ್ತು.

ಮೂರನೆಯ ದಿನ ಭಾವ ಬಂದರು. ಬರುವಾಗಲೇ ನಗುತ್ತಿದ್ದರು.

"ಏನ್ರೀ ಮಾಸ್ಟ್ರೇ, ಯುದ್ಧ ತರಿಸ್ತಿದೀರಂತೆ? ಆರ್ಡರ್ ತರ್ಸಿ ಅಂದ್ರೆ..." ನಕ್ಷೆ ಕಣ್ಣಿಗೆ ಬಿತ್ತು. ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಕುರ್ಚಿ ಎಳೆದು ಕೂತರು. "ಬೂಟು?"

"ಅಲ್ಲಿದೆ ಭಾವ. ಬಾಗಿಲ ಪಕ್ಕದ ಗೆರೆ."

ಭಾವ ಗೆರೆಯನ್ನು ನೋಡಿದರು. ಚಪ್ಪಲಿ ವ್ಯಾಪಾರದಲ್ಲಿ ಕೂದಲು ನೆರೆತವರು. ಅಷ್ಟು ಬೂಟು ಯಾರೂ ವಾಕಿಂಗಿಗೆಂದು ಕೊಳ್ಳುವುದಿಲ್ಲ ಎಂದು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

"ಎಷ್ಟು ಪರದೆ ಉಳಿದಿದೆ?" ಎಂದರು.

"ಅರವತ್ತೆರಡು ಆಗ್ಬಹುದು."

"ಅಷ್ಟೂ ನಂಗೆ. ಮನೆಗೆ, ಅಂಗಡಿಗೆ, ಗೋದಾಮಿಗೆ." ಎದ್ದು ಹೋಗುವಾಗ ಹೊಸ್ತಿಲಲ್ಲಿ ತಿರುಗಿ, "ತಂಗೀನ ಚೆನ್ನಾಗಿ ನೋಡ್ಕೊಳ್ಳಿ," ಎಂದರು. ಅವರು ಹಾಗೆ ಹೇಳಿದ್ದು ಮದುವೆಯ ದಿನ ಬಿಟ್ಟರೆ ಇದೇ.

ಅದೇ ಮಧ್ಯಾಹ್ನ ಅಂಚೆ ಬಂತು. ಹಿಂದಿನ ವಾರ, ಇನ್ನೂ ಭಯ ಹುಟ್ಟುವುದಕ್ಕೆ ಮುಂಚೆ, ಮಾಸ್ಟರು ಗುಮಾಸ್ತೆಯ ಮಾತಿನಂತೆ ಒಂದು ಅನುಮಾನ ಬರೆದು ಕಳಿಸಿದ್ದರು: "ಈ ತಿಂಗಳ ಖರೀದಿ ಹಿಂದಿನ ತಿಂಗಳುಗಳಿಗಿಂತ ವಿಪರೀತವಾಗಿದೆ. ಕಾರಣ ತಿಳಿಸಿದರೆ ಸರಬರಾಜಿಗೆ ಅನುಕೂಲ." ಈಗ ಉತ್ತರ ಬಂದಿತ್ತು. ಒಂದೇ ಸಾಲು. "ಈ ಕಾಗದ ತಲುಪಿದ ಮರುದಿನ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಎಲ್ಲ ಕಾಗದಪತ್ರಗಳೊಂದಿಗೆ ಖುದ್ದಾಗಿ ಹಾಜರಾಗಬೇಕು."

"ಖುದ್ದಾಗಿ," ಎಂದು ಹೆಂಡತಿ ಮತ್ತೊಮ್ಮೆ ಓದಿದಳು.

"ಹಾಜರಾಗಬೇಕು," ಎಂದರು ಮಾಸ್ಟರು.

ದೊಡ್ಡ ಟೀಚರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಗೂಢಚಾರ ಅಂತ ಬರ್ದಿಲ್ಲ. ಆದ್ರೆ ಅಲ್ಲ ಅಂತಾನೂ ಬರ್ದಿಲ್ಲ," ಎಂದು ತೀರ್ಪು ಕೊಟ್ಟರು.

ಬೆಳಿಗ್ಗೆ ಹೆಂಡತಿ ಚೀಲದಲ್ಲಿ ಎರಡು ಅಂಗಿ, ಒಂದು ಟವೆಲು, ಸೋಪು, ಹಲ್ಲುಜ್ಜುವ ಬ್ರಷ್ಷು ಇಟ್ಟಳು. ಬ್ರಷ್ಷು ಹಳೆಯದಾಗಿತ್ತು ಎಂದು ಹಲ್ಲಿನ ಡಾಕ್ಟರು ಹೊಸದೊಂದನ್ನು ಓಡಿಹೋಗಿ ತಂದುಕೊಟ್ಟರು. "ಒಳಗೆ ಸಿಹಿ ಕೊಟ್ರೆ ತಿನ್ಬೇಡಿ," ಎಂದರು ಗದ್ಗದರಾಗಿ. ಎಲೆಕ್ಟ್ರಿಷಿಯನ್ ಕೈಕುಲುಕಿ, ತನ್ನ ಹೆಸರು ಮಾತ್ರ ಹೇಳಬಾರದೆಂದು ಬೇಡಿಕೊಂಡ. ಯಾರ ಹೆಸರನ್ನು ಯಾವುದಕ್ಕೆ ಹೇಳಬೇಕೆಂದು ಮಾಸ್ಟರಿಗೂ ತಿಳಿಯದು, ಆದರೂ ಹೇಳುವುದಿಲ್ಲ ಎಂದು ಆಣೆಯಿಟ್ಟರು.

ನಕ್ಷೆಯನ್ನು ಪರದೆ ಸರಳಿಗೆ ಸುತ್ತಿ ಹೆಗಲ ಮೇಲೆ ಹೊತ್ತು ಅವರು ಗೇಟಿನ ಮುಂದೆ ನಿಂತಾಗ ಹತ್ತಕ್ಕೆ ಐದು ನಿಮಿಷವಿತ್ತು.

"ಏನದು?" ಎಂದ ಕಾವಲಿನವನು.

"ನಿಮ್ಮ ಖರ್ಚು."

ಕಾವಲಿನವನು ಫೋನೆತ್ತಿದ. "ಸಾರ್, ಯಾರೋ ನಮ್ಮ ಖರ್ಚು ಹೊತ್ಕೊಂಡು ಬಂದಿದಾರೆ." ಎಲ್ಲೋ ಒಳಗೆ ಒಂದು ಕುರ್ಚಿ ಬಿದ್ದ ಸದ್ದು, ಓಡಿ ಬರುವ ಹೆಜ್ಜೆಯ ಸದ್ದು.

ಖರೀದಿ ಅಧಿಕಾರಿ ಸಣಕಲು ದೇಹದವರು, ಕಣ್ಣ ಕೆಳಗೆ ಕಪ್ಪು. ಮಾಸ್ಟರನ್ನು ತಮ್ಮ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲ ಚಿಲಕ ಹಾಕಿದರು. ಕೋಣೆಯ ತುಂಬ ಒಂದರೊಳಗೊಂದು ಕೂತ ಬಕೆಟ್ಟುಗಳು. ಕಿಟಕಿಯ ಬೆಳಕು ಅವುಗಳ ಸಂದಿಯಿಂದ ನುಸುಳಿ ಬರಬೇಕಾಗಿತ್ತು.

"ನಿಮ್ಮನ್ನ ಯಾರು ಕಳಿಸಿದ್ದು?" ಎಂದರು ಅಧಿಕಾರಿ, ದನಿ ತಗ್ಗಿಸಿ.

"ಯಾರೂ ಇಲ್ಲ ಸಾರ್."

"ಹಾಗೇ ಹೇಳು ಅಂತ ಹೇಳಿ ಕಳಿಸಿರ್ತಾರೆ. ನೀವು ಲೆಕ್ಕ ತಪಾಸಣೆಯವರು ತಾನೇ?"

"ಅಯ್ಯೋ ಇಲ್ಲ ಸಾರ್, ನಾನು ಪರದೆಯವನು."

"ಪರದೆ ಹಿಂದೆ ಯಾರಿದಾರೆ?"

"ಕಿಟಕಿ ಇರತ್ತೆ ಸಾರ್."

ಅಧಿಕಾರಿಯ ಹಣೆಯ ಮೇಲೆ ಬೆವರು ಮೂಡಿತು. ಮಾಸ್ಟರ ಹಣೆಯ ಮೇಲೆ ಆಗಲೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಯಾರು ಮೊದಲು ಯಾರ ಕಾಲಿಗೆ ಬೀಳಬೇಕೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ನಿಂತರು. ಕೊನೆಗೆ ಅಧಿಕಾರಿ, "ಬಿಚ್ಚಿ," ಎಂದರು.

ನಕ್ಷೆ ಮೇಜಿನ ಮೇಲಿಂದ ಇಳಿದು, ಬಕೆಟ್ಟುಗಳನ್ನು ಸುತ್ತಿಕೊಂಡು, ಬಾಗಿಲವರೆಗೆ ಹೋಯಿತು. ಅಧಿಕಾರಿ ಬೂಟು ಕಳಚಿ, ಅದರ ಪಕ್ಕದಲ್ಲೇ ಬಗ್ಗಿಕೊಂಡು ನಡೆದರು. ಒಂದು ಕಡೆ ಥಟ್ಟನೆ ನಿಂತರು.

"ಬಕೆಟ್ಟು ಸಾವಿರದ ಇನ್ನೂರಾ?"

"ಪಟ್ಟೀಲಿ ಇರೋದೇ ಸಾರ್..."

"ನಾನು ತಗೊಂಡಿದ್ದು ಆರ್ನೂರು! ಇನ್ನಾರ್ನೂರು ಎಲ್ಲಿ ಹೋಯ್ತು? ಯಾರು ಕದ್ರು? ಅಯ್ಯಯ್ಯೋ, ಕಂಬಳಿ ಎರಡು ಸಾವಿರ! ಇರೋದು ಒಂದು ಸಾವಿರ! ನನ್ನ ಕಥೆ ಮುಗೀತು!" ಎಂದು ಅಧಿಕಾರಿ ತಲೆಯ ಮೇಲೆ ಕೈಹೊತ್ತು ನೆಲದ ಮೇಲೇ ಕೂತರು.

ಮಾಸ್ಟರು ಪಟ್ಟಿಯ ಪುಟ ತಿರುವಿದರು. ನಕ್ಷೆ ನೋಡಿದರು. ಪುಟ ನೋಡಿದರು. ಅವರ ಕಿವಿ ಕೆಂಪಾಗುತ್ತ ಬಂತು.

"ಸಾರ್, ಅದು... ನೆರಿಗೆ."

"ಏನು?"

"ಅಭ್ಯಾಸ ಸಾರ್. ನಾವು ಎಲ್ಲಾನೂ ಎರಡರಷ್ಟು ಹಿಡೀತೀವಿ. ನೆರಿಗೆ ಬೀಳೋಕೆ."

"ಬಕೆಟ್ಟಿಗೂ ನೆರಿಗೇನಾ?"

"ಕೈ ತಪ್ಪಿ ಹೋಗಿದೆ ಸಾರ್. ಸ್ಟ್ರೆಚರಿಗೂ ಹಾಕಿದೀನಿ."

ಅಧಿಕಾರಿ ನಗಲು ಶುರುಮಾಡಿದರು. ಎಷ್ಟು ದಿನಗಳಿಂದ ನಗದಿದ್ದರೋ, ನಗು ಕೆಮ್ಮಿನ ಹಾಗೆ ಬಿಟ್ಟುಬಿಟ್ಟು ಬರುತ್ತಿತ್ತು. ಅದನ್ನು ನೋಡಿ ಮಾಸ್ಟರಿಗೆ ಸ್ವಲ್ಪ ಧೈರ್ಯ ಬಂತು.

"ಹಾಗಾದ್ರೆ ಸಾರ್, ಅರ್ಧ ಯುದ್ಧ ಮಾತ್ರಾನಾ?"

"ಯಾವ ಯುದ್ಧ?"

ಮಾಸ್ಟರು ಸೀಟಿಯಿಂದ ಹಿಡಿದು ಸ್ಟ್ರೆಚರಿನವರೆಗೆ ಎಲ್ಲ ಹೇಳಿದರು. ಅಧಿಕಾರಿ ಕಣ್ಣೊರೆಸಿಕೊಂಡು ಕಪಾಟಿನಿಂದ ಹಿಂದಿನ ಎರಡು ವರ್ಷಗಳ ಪಟ್ಟಿ ತೆಗೆದು ಮುಂದಿಟ್ಟರು. ಎರಡರಲ್ಲೂ ಕೊನೆಯ ತಿಂಗಳು ಹಾಗೇ ಉಬ್ಬಿತ್ತು.

"ನೋಡಿ ಮಾಸ್ಟ್ರೇ, ಕೊಟ್ಟ ಹಣ ವರ್ಷದ ಕೊನೇಲಿ ಉಳಿದ್ರೆ, ಮುಂದಿನ ವರ್ಷ ಅಷ್ಟೂ ಕಡಿಮೆ ಮಾಡ್ತಾರೆ. ಯಾಕೆ ಉಳೀತು ಅಂತ ನನ್ನ ಕರೆದು ಕೇಳ್ತಾರೆ. ಯುದ್ಧ ಆದ್ರೂ ಯಾವತ್ತೋ ಒಂದಿನ ಮುಗಿಯತ್ತೆ. ಆ ಕೇಳೋದು ಮುಗಿಯಲ್ಲ. ಅದಕ್ಕೆ ಸಿಕ್ಕಿದ್ದು ತಗೋತೀನಿ. ಬಕೆಟ್ಟು ಕಂಡ್ರೆ ಬಕೆಟ್ಟು, ಸೀಟಿ ಕಂಡ್ರೆ ಸೀಟಿ." ಅವರು ಮತ್ತೆ ಗಂಭೀರರಾದರು. "ನಿಮ್ಮ ಕಾಗದ ನೋಡಿ ನಾನು ನಾಲ್ಕು ದಿನ ಊಟ ಮಾಡಿಲ್ಲ. ಹೋಗ್ಲಿ. ತರಬೇತಿ ಶಾಲೆಗೆ, ಚಿತ್ರ ತೋರ್ಸೋ ಕೋಣೆಗಳಿಗೆ, ನೂರ ನಲವತ್ತು ಕಪ್ಪು ಪರದೆ ಬೇಕು. ಒಪ್ಕೊಂಡಿದ್ದವನು ಕೈಕೊಟ್ಟ. ನಾಳೆ ಸಂಜೆ ಐದಕ್ಕೆ ವರ್ಷ ಮುಗಿಯತ್ತೆ. ನಿಮ್ಮಲ್ಲಿ ಇದೆಯಾ?"

"ಇತ್ತು ಸಾರ್."

"ಇತ್ತಾ, ಇದೆಯಾ?"

"ಬೀದೀಲಿದೆ."

"ಎಲ್ಲಾದ್ರೂ ಇರ್ಲಿ, ಬಳಸಿದ್ದಾದ್ರೂ ಸರಿ. ನಾಳೆ ಐದರೊಳಗೆ ಬಂದ್ರೆ ಮೂರು ವರ್ಷ ನೀವೇ ನಮ್ಮ ಪರದೆಯವ್ರು. ಲಾರಿ ಕೊಡ್ತೀನಿ, ಈಗ್ಲೇ ತನ್ನಿ."

ಮೂರು ವರ್ಷ! ಲಾರಿಯ ಮುಂದಿನ ಸೀಟಿನಲ್ಲಿ ಆರ್ಡರು ಕಾಗದವನ್ನು ಎದೆಗವಚಿಕೊಂಡು ಕೂತ ಮಾಸ್ಟರಿಗೆ, ಇನ್ನು ಯಾವ ಜನ್ಮದಲ್ಲೂ ಯಾರ ಹಿಮ್ಮಡಿಯೂ ಕಾಣುವುದಿಲ್ಲ ಎನ್ನಿಸಿತು. ದಾರಿಯಲ್ಲಿ ಏಳು ಬಟ್ಟೆ ಅಂಗಡಿಗಳ ಮುಂದೆ ಲಾರಿ ನಿಲ್ಲಿಸಿ ವಿಚಾರಿಸಿದರು. ಸುದ್ದಿ ಅವರಿಗಿಂತ ಮುಂಚೆ ಊರೆಲ್ಲ ಸುತ್ತಿ ಮುಗಿಸಿತ್ತು. ಯಾವ ಅಂಗಡಿಯಲ್ಲೂ ಕರವಸ್ತ್ರದಷ್ಟೂ ಕಪ್ಪು ಬಟ್ಟೆ ಉಳಿದಿರಲಿಲ್ಲ.

ಸೇನೆಯ ಲಾರಿ ಬೀದಿಯೊಳಗೆ ತಿರುಗಿದ್ದೇ ತಡ, ದೊಡ್ಡ ಟೀಚರ ಮನೆಯ ಹನ್ನೆರಡು ಕಿಟಕಿಗಳಲ್ಲಿ ಹನ್ನೆರಡು ಪರದೆ ಇಳಿದವು. ಆಮೇಲೆ ಡಾಕ್ಟರ ಒಂಬತ್ತು. ಹೀಗೆ ಸಾಲಾಗಿ ಬೀದಿಯ ತುದಿಯವರೆಗೆ, ನಡುಹಗಲಿನಲ್ಲಿ, ಮನೆಗಳು ಕಣ್ಣು ಮುಚ್ಚಿಕೊಂಡವು. ಮಾಸ್ಟರ ಹೆಂಡತಿ ಮಾತ್ರ ಓಡಿ ಬಂದು ಲಾರಿಯ ಬಾಗಿಲು ಹಿಡಿದು, "ನಿಮ್ಮನ್ನ ಬಿಟ್ಬಿಟ್ರಾ? ಮನೆ ತೋರ್ಸೋಕೆ ಕರ್ಕೊಂಡು ಬಂದ್ರಾ?" ಎಂದು ಅತ್ತಳು.

"ಯುದ್ಧ ಇಲ್ಲ ಕಣೇ! ಯುದ್ಧ ಇಲ್ಲ!" ಎಂದು ಮಾಸ್ಟರು ಲಾರಿಯಿಂದ ಇಳಿಯುತ್ತ ಕೂಗಿದರು. "ಎಲ್ರೂ ಪರದೆ ವಾಪಸ್ ಕೊಡಿ! ಕೊಟ್ಟಿದ್ದಕ್ಕಿಂತ ಎರಡರಷ್ಟು ಬೆಲೆ!"

ದೊಡ್ಡ ಟೀಚರು ಪರದೆಯ ಅಂಚಿನಿಂದ ಒಂದು ಕಣ್ಣಷ್ಟೇ ಹೊರಹಾಕಿದರು.

"ಪರದೆ ಯಾರಿಗೆ ಬೇಕಂತೆ?"

"ಸೇನೆಗೆ ಟೀಚರ್."

"ಬಳಸಿದ್ದಾದ್ರೂ ಪರವಾಗಿಲ್ಲ ಅಂದ್ರಾ?"

"ಹೌದು ಟೀಚರ್."

"ಎಷ್ಟು ದಿನ ಟೈಮು ಕೊಟ್ಟಿದಾರೆ?"

"ನಾಳೆ ಸಂಜೆ ಐದರೊಳಗೆ."

"ಐದಕ್ಕಾ," ಎಂದರು ಟೀಚರು. ಬೀದಿಯ ಎಲ್ಲ ಪರದೆಗಳ ಹಿಂದೆ ಅದೇ ಮಾತು ಪಿಸುಗುಟ್ಟಿತು: ನಾಳೆ ಐದಕ್ಕೆ. ಮಾಸ್ಟರು ವರ್ಷದ ಕೊನೆಯ ಬಗ್ಗೆ, ಉಳಿದ ಹಣದ ಬಗ್ಗೆ, ಚಿತ್ರ ತೋರಿಸುವ ಕೋಣೆಗಳ ಬಗ್ಗೆ ಗಂಟಲು ಹರಿಯುವ ಹಾಗೆ ವಿವರಿಸಿದರು. ಹೇಳಿದಷ್ಟೂ ಅವರ ಮಾತು ಅವರಿಗೇ ಕಂತೆಪುರಾಣದಂತೆ ಕೇಳತೊಡಗಿತು. ಸೇನೆಗೆ ಭಯವಿರುವುದು ಉಳಿದ ಹಣದ್ದು ಎಂದರೆ ಯಾರು ನಂಬುತ್ತಾರೆ? ಟೀಚರು ಕಣ್ಣನ್ನು ಒಳಗೆ ಎಳೆದುಕೊಂಡರು. ಡಾಕ್ಟರು ಬಾಗಿಲನ್ನೇ ತೆರೆಯಲಿಲ್ಲ. ಎಲೆಕ್ಟ್ರಿಷಿಯನ್ ಒಳಗಿನಿಂದಲೇ ತಾನು ಮನೆಯಲ್ಲಿಲ್ಲ ಎಂದು ಕೂಗಿ ಹೇಳಿದ.

ಉಳಿದಿದ್ದವರು ಭಾವ. ಅರವತ್ತೆರಡು ಪರದೆ ಅವರೊಬ್ಬರಲ್ಲೇ. ಅವರು ಕೊಟ್ಟರೆ ಬೀದಿಯೂ ಹಿಂದೆಯೇ ಕೊಡುತ್ತದೆ ಎಂದು ಮಾಸ್ಟರು ಓಡಿದರು. ಚಪ್ಪಲಿ ಅಂಗಡಿಯ ಮುಂಭಾಗದ ಗಾಜಿಗೆಲ್ಲ ಪರದೆ ಇಳಿದಿತ್ತು.

"ಭಾವ! ಎರಡರಷ್ಟು ಕೊಡ್ತೀನಿ!"

ಮಾಸ್ಟರು ಗಾಜು ಬಡಿದರು.

"ಮೂರರಷ್ಟು ಕೊಡ್ತೀನಿ ಭಾವ!"

ಪರದೆ ಒಂಚೂರು ಅಲುಗಿತು. ಭಾವನ ಮುಖದ ಅರ್ಧ ಕಾಣಿಸಿತು. ಲಾಭವೆಂದರೆ ನಿದ್ದೆಯಲ್ಲೂ ಎದ್ದು ಕೂರುತ್ತಿದ್ದ ಮನುಷ್ಯ, ಈಗ ಮಾಸ್ಟರ ಹಿಂದೆ, ಬೀದಿಯ ನಡುವೆ, ಆಕಳಿಸುತ್ತ ಕೂತಿದ್ದ ಸೇನೆಯ ಡ್ರೈವರನ್ನೇ ದಿಟ್ಟಿಸುತ್ತಿದ್ದರು.

"ಮಾಸ್ಟ್ರೇ, ಮೂರರಷ್ಟು ಕೊಟ್ಟು ಸೇನೆ ನನ್ನ ಪರದೆ ಕೇಳ್ತಿದೆ ಅಂದ್ರೆ, ಅದು ಎಷ್ಟು ಹತ್ರ ಬಂದಿರ್ಬೇಕು?"

"ಏನೂ ಬಂದಿಲ್ಲ ಭಾವ! ಅಂಗಡಿ ಉಳ್ಕೊಳೋ ಮಾತು ಇದು. ಬೇಕಾದ್ರೆ... ಬೇಕಾದ್ರೆ ನಾನು ನಾಳಿದ್ದರಿಂದಲೇ ನಿಮ್ಮಲ್ಲಿಗೆ ಬರ್ತೀನಿ. ಗಿರಾಕಿಗಳ ಕಾಲಿಗೆ ಚಪ್ಪಲಿ ಹಾಕ್ತೀನಿ. ಒಂದು ವರ್ಷ, ಸಂಬಳ ಇಲ್ದೆ. ಎರಡು ವರ್ಷ! ಪರದೆ ಮಾತ್ರ ಕೊಟ್ಬಿಡಿ!"

ಯಾವುದರಿಂದ ತಪ್ಪಿಸಿಕೊಳ್ಳಲು ಇನ್ನೂರ ಹನ್ನೆರಡು ಪುಟ ಓದಿದ್ದರೋ ಅದನ್ನೇ ಮಾಸ್ಟರು ಎರಡು ಕೈಯಲ್ಲಿ ಹಿಡಿದು ಗಾಜಿನ ಮುಂದೆ ನೀಡಿದ್ದರು. ಅದು ಅವರ ಅರಿವಿಗೆ ಬರುವಷ್ಟರಲ್ಲಿ ಭಾವ ಪರದೆಯನ್ನು ಪೂರ್ತಿ ಎಳೆದುಬಿಟ್ಟಿದ್ದರು. ಒಳಗಿನಿಂದ ದನಿ ಮಾತ್ರ ಬಂತು.

"ಬೇಡ."